ಹಗಲಲ್ಲಿ ಊರು ಖಾಲಿ, ಗ್ರಾಮಸಭೆ ಮಾತ್ರ ಹಗಲಲ್ಲೇ!

ಬೆಳಿಗ್ಗೆ ಐದಕ್ಕೆ ಚಿಕ್ಕಮ್ಮ ಎದ್ದು ಒಲೆ ಹಚ್ಚುತ್ತಾರೆ. ಒಂದು ಕಡೆ ಮುದ್ದೆಗೆ ಎಸರು, ಇನ್ನೊಂದು ಕಡೆ ಡಬ್ಬಿಗೆ ಚಿತ್ರಾನ್ನ. ಹಾಲು ಕರೆದು ಡೇರಿಗೆ ಹಾಕಿ ಬರುತ್ತಾರೆ. ಅತ್ತೆಗೆ ಮಾತ್ರೆ ಎಲ್ಲಿದೆ ಅಂತ ತೋರಿಸುತ್ತಾರೆ. ಮಗಳನ್ನು ಎಬ್ಬಿಸಿ ಜಡೆ ಹಾಕುತ್ತಾರೆ. ಆರೂವರೆಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟರೆ, ಮತ್ತೆ ಊರಿಗೆ ಕಾಲಿಡುವುದು ರಾತ್ರಿ ಎಂಟು ದಾಟಿದ ಮೇಲೆ.

ಇದು ನಮ್ಮ ಬಳಗದಲ್ಲಿ ಒಬ್ಬರ ಊರು. ಹೆಜ್ಜಾಲ ರೈಲ್ವೆ ಸ್ಟೇಷನ್‌ಗೆ ಇಪ್ಪತ್ತು ನಿಮಿಷದ ನಡಿಗೆ. ಅವರ ಚಿಕ್ಕಮ್ಮನನ್ನು ನಾವೆಲ್ಲ ಚಿಕ್ಕಮ್ಮ ಅಂತಲೇ ಕರೆಯುತ್ತೇವೆ. ಅವರದು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ನಮ್ಮದು ಯಾವುದೋ ಒಂದು ಪಂಚಾಯಿತಿಯ ಮೇಲಿನ ದೂರಲ್ಲ. ಕೆಂಗೇರಿ ದಾಟಿ ಬಿಡದಿ, ರಾಮನಗರದವರೆಗೆ ರೈಲು ಹಳಿಯ ಎರಡೂ ಬದಿಯಲ್ಲಿ ಇಂಥ ಊರುಗಳೇ ಇವೆ. ದೊಡ್ಡಬಳ್ಳಾಪುರದ ಕಡೆ ಹೋದರೂ, ಮಾಲೂರಿನ ಕಡೆ ಹೋದರೂ ಇದೇ ಕಥೆ. ನಿಮ್ಮೂರೂ ಹೀಗೇ ಇರಬಹುದು.

ನಾವು ಹೇಳಹೊರಟಿರುವುದು ಒಂದೇ ಮಾತು. ಈ ಊರುಗಳಲ್ಲಿ ದುಡಿಯುವವರು ಹಗಲು ಊರಲ್ಲಿ ಇರುವುದಿಲ್ಲ. ಊರಿನ ತೀರ್ಮಾನಗಳೆಲ್ಲ ಆಗುವುದು ಮಾತ್ರ ಹಗಲಲ್ಲೇ. ಇದು ಬದಲಾಗಬೇಕು.

ಎಂಥ ಊರು ಇದು?

ಬೆಂಗಳೂರಿನಿಂದ ಮೂವತ್ತು ಕಿಲೋಮೀಟರ್ ಒಳಗಿನ ಜಾಗ. ಈ ರೈಲು ಹಳಿ ಇವತ್ತಿನದಲ್ಲ. 1876ರಿಂದ 78ರವರೆಗಿನ ದೊಡ್ಡ ಬರದ ಕಾಲದಲ್ಲಿ ಹಸಿದ ಜನರಿಗೆ ಕೆಲಸ ಕೊಡುವ ನೆಪದಲ್ಲಿ ಮೈಸೂರು ಸಂಸ್ಥಾನ ಹಾಕಿಸಿದ ಹಳಿ. 1882ರ ಹೊತ್ತಿಗೆ ಬೆಂಗಳೂರಿಂದ ಮೈಸೂರಿನವರೆಗೂ ರೈಲು ಓಡಿತು. ಅಂದರೆ ನಮ್ಮ ಮುತ್ತಜ್ಜಂದಿರ ಕಾಲದಿಂದ ರೈಲು ಈ ಊರುಗಳ ಪಕ್ಕದಲ್ಲೇ ಹೋಗುತ್ತಿದೆ. ಆದರೆ ಆಗ ಜನ ರೈಲು ಹತ್ತುತ್ತಿದ್ದದ್ದು ಯಾವಾಗಲೋ ಒಮ್ಮೆ. ಮದುವೆ ಜವಳಿ ತರಲು, ಕೋರ್ಟಿಗೆ ಅಲೆಯಲು, ದೊಡ್ಡಾಸ್ಪತ್ರೆಗೆ ಹೋಗಲು. ದಿನಾ ಹತ್ತುವ ರೂಢಿ ಬಂದದ್ದು ಇತ್ತೀಚಿನ ಎರಡು ತಲೆಮಾರಿನಲ್ಲಿ.

ಮೊದಲು ಇಲ್ಲಿ ರಾಗಿ, ಹಿಪ್ಪುನೇರಳೆ, ಹಸು ಇವೇ ಬದುಕು. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೊತ್ತು ಹೋಗುತ್ತಿದ್ದರು. ಆಮೇಲೆ ಕಾರ್ಖಾನೆಗಳು ಬಂದವು. ಟೊಯೊಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಶುರುವಾಗಿ ಬಿಡದಿಯಲ್ಲಿ ಕಾರು ತಯಾರಿಸತೊಡಗಿತು. ಅದರ ಸುತ್ತ ಬಿಡಿಭಾಗದ ಕಂಪನಿಗಳು ಬಂದವು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಬಾಷ್ ಕಾರ್ಖಾನೆಯ ತಯಾರಿಕೆಯೂ ಇತ್ತ ಸರಿಯಿತು. 2005ರಲ್ಲಿ ವಂಡರ್‌ಲಾ ಬಂತು. ಬಿಡದಿ ಹೋಬಳಿ ಅಂದರೆ ತಟ್ಟೆ ಇಡ್ಲಿ ಅಂತಿದ್ದವರು ಈಗ ಇಂಡಸ್ಟ್ರಿಯಲ್ ಏರಿಯಾ ಅನ್ನುತ್ತಾರೆ.

ಬೆಳಿಗ್ಗೆ ಏಳರ ಹೊತ್ತಿಗೆ ಮೈಸೂರು ರಸ್ತೆಯ ಬದಿಗೆ ನಿಂತು ನೋಡಿ. ಒಂದು ತಮಾಷೆ ಕಾಣುತ್ತದೆ. ಬೆಂಗಳೂರಿನ ಕಡೆಯಿಂದ ಕಂಪನಿ ಬಸ್ಸುಗಳು ಸಾಲಾಗಿ ಬಿಡದಿಗೆ ಬರುತ್ತಿರುತ್ತವೆ. ಅದೇ ಹೊತ್ತಿಗೆ ನಮ್ಮ ಹಳ್ಳಿಗಳ ಜನ ರೈಲು, ಬಸ್ಸು, ಬೈಕು ಹತ್ತಿ ಬೆಂಗಳೂರಿನ ಕಡೆ ಹೋಗುತ್ತಿರುತ್ತಾರೆ. ಊರ ಪಕ್ಕದಲ್ಲೇ ಕಾರ್ಖಾನೆ ಇದ್ದರೂ ಹೊಟ್ಟೆಪಾಡಿಗೆ ಮೂವತ್ತು ಕಿಲೋಮೀಟರ್ ಹೋಗಬೇಕು. ಊರಿನ ಕೆಲವು ಹುಡುಗರಿಗೆ ಇಲ್ಲೇ ಕೆಲಸ ಸಿಕ್ಕಿದೆ, ಇಲ್ಲ ಅನ್ನುವುದಿಲ್ಲ. ಆದರೆ ಐಟಿಐ ಮಾಡದವರಿಗೆ, ನಲವತ್ತು ದಾಟಿದ ಹೆಂಗಸರಿಗೆ ಪೇಟೆಯ ಗಾರ್ಮೆಂಟ್ಸು, ಹೌಸ್‌ಕೀಪಿಂಗು, ಸೆಕ್ಯೂರಿಟಿ, ಆಸ್ಪತ್ರೆಯ ಆಯಾ ಕೆಲಸವೇ ಗತಿ.

ನಮ್ಮೂರಿಗಿಂತ ಸ್ವಲ್ಪ ಮುಂಚೆಯೇ ನಿಲ್ಲುವ ಗಾಡಿಗಳು

ನಗರ ನಮ್ಮ ಕಡೆ ಬರುತ್ತಲೇ ಇದೆ. ಆದರೆ ನಮ್ಮನ್ನು ಕರೆದೊಯ್ಯುವ ಗಾಡಿ ಮಾತ್ರ ಯಾವಾಗಲೂ ನಮ್ಮೂರಿಗಿಂತ ಸ್ವಲ್ಪ ಮುಂಚೆಯೇ ನಿಲ್ಲುತ್ತದೆ.

ಮೆಟ್ರೋ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಬಂತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಬಂತು, ಅಲ್ಲೇ ನಿಂತಿದೆ. ಬಿಡದಿಗೆ ಬರುತ್ತದೆ ಅನ್ನುವ ಮಾತು ಪ್ರತಿ ಚುನಾವಣೆಯಲ್ಲೂ ಬರುತ್ತದೆ. ಉಪನಗರ ರೈಲು ಯೋಜನೆಗೆ 2022ರಲ್ಲಿ ಅಡಿಗಲ್ಲು ಬಿತ್ತು. ಒಟ್ಟು 148 ಕಿಲೋಮೀಟರ್, ನಾಲ್ಕು ಮಾರ್ಗ. ನಮ್ಮ ದಿಕ್ಕಿನ ಮಾರ್ಗ ವೈಟ್‌ಫೀಲ್ಡ್‌ನಿಂದ ಕೆಂಗೇರಿಗೆ. ಅದರ ಮುಂದಿನ ಸ್ಟೇಷನ್ನೇ ಹೆಜ್ಜಾಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ. ಅಪಘಾತ ತಪ್ಪಿಸಲು ಮಾಡಿದ್ದು, ಕಾರಣ ಸರಿಯಾದದ್ದೇ. ಆದರೆ ನಮ್ಮೂರಲ್ಲಿ ಇರುವ ಗಾಡಿಗಳೇ ಆ ಮೂರು. ಹಾಗಾಗಿ ಆ ರಸ್ತೆ ನಮ್ಮ ಹೊಲದ ಪಕ್ಕ ಹೋದರೂ ನಾವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬಿಡದಿ ಪೇಟೆಯೊಳಗೆ ಹೋಗುತ್ತಿದ್ದ ಮೈಸೂರಿನ ಕಾರುಗಳು ಬೈಪಾಸ್ ಹಿಡಿದವು. ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ನಿಲ್ಲುತ್ತಿದ್ದ ಗಾಡಿಗಳ ಸಾಲು ಕಡಿಮೆಯಾಯಿತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಇದು ನಿಜಕ್ಕೂ ದೊಡ್ಡ ಉಪಕಾರ. ಚಿಕ್ಕಮ್ಮನಂಥವರಿಗೆ ಬಸ್ ಚಾರ್ಜು ಉಳಿಯಿತು. ಆದರೆ ಬಿಟ್ಟಿ ಬಸ್ಸು ಸಂಜೆ ಸಿಗ್ನಲ್‌ಗಳಲ್ಲಿ ನಿಂತು ನಿಂತು ಬರುವಾಗ ಹೊತ್ತಾಗುತ್ತದೆ. ದುಡ್ಡು ಉಳಿಸಬೇಕೋ, ಹೊತ್ತು ಉಳಿಸಬೇಕೋ ಅನ್ನುವ ಲೆಕ್ಕ ದಿನವೂ ಹಾಕಬೇಕು. ಮಗಳಿಗೆ ಪರೀಕ್ಷೆ ಇದ್ದರೆ ರೈಲು, ಇಲ್ಲದಿದ್ದರೆ ಬಸ್ಸು.

2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಹೊಸ ಹೆಸರಿಟ್ಟರು. ಹೆಸರಿನ ಬಗ್ಗೆ ಜಗಳವಾಡುವವರು ಆಡಲಿ. ನಮ್ಮ ಊರಿಗೆ ರಾತ್ರಿ ಒಂಬತ್ತರ ಮೇಲೆ ಬಸ್ಸು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಊರಲ್ಲಿ ಯಾರ್ಯಾರಿದ್ದಾರೆ

ಈಗ ನಮ್ಮೂರಲ್ಲಿ ನಾಲ್ಕು ಥರದ ಜನ ಇದ್ದಾರೆ. ನಿಮ್ಮೂರಿಗೂ ಇದು ಹೊಂದುತ್ತದಾ ನೋಡಿ.

ಮೊದಲನೆಯವರು, ಹಗಲೂ ಊರಲ್ಲೇ ಇರುವವರು. ವಯಸ್ಸಾದವರು, ಇನ್ನೂ ಬೇಸಾಯ ಬಿಡದವರು, ಅಂಗಡಿ ಇಟ್ಟವರು, ಸೈಟು ವ್ಯವಹಾರ ಮಾಡುವವರು.

ಎರಡನೆಯವರು, ಚಿಕ್ಕಮ್ಮನ ಥರ ಹೋಗಿ ಬರುವವರು. ಊರಿನಲ್ಲಿ ಹುಟ್ಟಿದವರು, ಇಲ್ಲಿಗೆ ಮದುವೆಯಾಗಿ ಬಂದವರು. ಓಟು ಇಲ್ಲೇ, ರೇಷನ್ ಕಾರ್ಡು ಇಲ್ಲೇ, ಸಾಯುವುದೂ ಇಲ್ಲೇ. ಆದರೆ ದಿನದ ಹದಿನಾಲ್ಕು ಗಂಟೆ ಊರಲ್ಲಿ ಇರುವುದಿಲ್ಲ.

ಮೂರನೆಯವರು, ಬಾಡಿಗೆ ಮನೆಯವರು. ರಾಯಚೂರು, ಯಾದಗಿರಿ ಕಡೆಯಿಂದ, ಒಡಿಶಾ, ಬಿಹಾರದಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಶೀಟು ಹೊದಿಸಿದ ವಠಾರ ಎದ್ದಿದೆ. ಒಂದು ನಲ್ಲಿ, ಸಾಲಾಗಿ ಆರು ಬಾಗಿಲು. ಎಷ್ಟೋ ಮನೆಗಳಿಗೆ ಈ ಬಾಡಿಗೆಯೇ ಈಗಿನ ಬೆಳೆ. ಆದರೆ ಬಾಡಿಗೆಯವರಿಗೆ ಇಲ್ಲಿ ಓಟಿಲ್ಲ, ಮಾತೂ ಇಲ್ಲ.

ನಾಲ್ಕನೆಯವರು, ಲೇಔಟಿನವರು. ಸೈಟು ಕೊಂಡಿದ್ದಾರೆ, ಮನೆ ಕಟ್ಟಿಲ್ಲ. ಭಾನುವಾರ ಕಾರಿನಲ್ಲಿ ಬಂದು ಕಲ್ಲು ಅದೇ ಜಾಗದಲ್ಲಿ ಇದೆಯಾ ಅಂತ ನೋಡಿ, ತಟ್ಟೆ ಇಡ್ಲಿ ತಿಂದು ಹೋಗುತ್ತಾರೆ. ಪಂಚಾಯಿತಿಯಲ್ಲಿ ಫಾರಂ 9, ಫಾರಂ 11 ಅಂತ ಕೇಳಿಕೊಂಡು ಬರುವವರಲ್ಲಿ ಇವರೂ ಸೇರಿದ್ದಾರೆ.

ಈ ನಾಲ್ಕರಲ್ಲಿ ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಊರಲ್ಲಿ ಸಿಗುವವರು ಮೊದಲನೆಯವರು ಮಾತ್ರ.

ಬೇಸಾಯ ಕುಗ್ಗಿದ್ದಕ್ಕೂ ಇದೇ ಕಾರಣ ಅಂತ ನಮಗೆ ಅನ್ನಿಸುತ್ತದೆ. ರೇಷ್ಮೆ ಹುಳು ಸಾಕಿದವರಿಗೆ ಗೊತ್ತು, ಹಣ್ಣಾಗುವ ಕಾಲಕ್ಕೆ ಮನೆಮಂದಿಯೆಲ್ಲ ಜೊತೆಗಿರಬೇಕು. ಸೊಪ್ಪು ತರಬೇಕು, ಹೊತ್ತುಹೊತ್ತಿಗೆ ಹಾಕಬೇಕು, ಚಂದ್ರಿಕೆಗೆ ಬಿಡಬೇಕು. ಮನೆಯ ಇಬ್ಬರು ರೈಲಿನಲ್ಲಿದ್ದರೆ ಹುಳ ಕಾಯುವುದಿಲ್ಲ. ಹಸು ಮಾತ್ರ ಉಳಿದುಕೊಂಡಿದೆ. ಡೇರಿಯವರು ಹಾಲು ತೆಗೆದುಕೊಳ್ಳುವುದು ಬೆಳಿಗ್ಗೆ ಬೇಗ, ಮತ್ತೆ ಸಂಜೆ. ಬೆಳಗಿನದನ್ನು ಕೆಲಸಕ್ಕೆ ಹೋಗುವವರು ಹಾಕುತ್ತಾರೆ, ಸಂಜೆಯದನ್ನು ಅಜ್ಜಿಯೋ ಮಗಳೋ ಹಾಕುತ್ತಾರೆ. ದುಡಿಯುವವರ ಹೊತ್ತಿಗೆ ಹೊಂದುವಂಥದ್ದು ಉಳಿಯಿತು, ಹೊಂದದ್ದು ಹೋಯಿತು.

ಕೊಡುವುದೇನು, ಪಡೆಯುವುದೇನು

ಇನ್ನೊಂದು ಮಾತು. ದಿನಾ ಬೆಳಿಗ್ಗೆ ನಾವು ಬೆಂಗಳೂರಿಗೆ ಹಾಲು, ಸೊಪ್ಪು, ಹೂವು, ಬೇಬಿಕಾರ್ನ್ ಕಳಿಸುತ್ತೇವೆ. ಜೊತೆಗೆ ಜನರನ್ನೂ ಕಳಿಸುತ್ತೇವೆ. ಬೆಂಗಳೂರು ನಮಗೆ ವೃಷಭಾವತಿಯನ್ನು ಕಳಿಸುತ್ತದೆ.

ಬಸವನಗುಡಿಯ ಕಡೆ ಹುಟ್ಟಿ ಕೆಂಗೇರಿ ಹಾದು ಬರುವ ಈ ಹೊಳೆಯಲ್ಲಿ ಈಗ ಹರಿಯುವುದು ಹೆಚ್ಚಾಗಿ ನಗರದ ಕೊಳಚೆ, ಕಾರ್ಖಾನೆಗಳ ನೀರು. ಅದು ಬಂದು ಬೀಳುವುದು ಬಿಡದಿ ಹೋಬಳಿಯ ಬೈರಮಂಗಲ ಕೆರೆಗೆ. ಬೇಸಾಯಕ್ಕೆ ಅಂತ ಕಟ್ಟಿಸಿದ ಕೆರೆ. ಆ ಕಡೆ ಹೋದರೆ ನೊರೆ ಕಾಣುತ್ತದೆ, ಮೂಗು ಮುಚ್ಚಿಕೊಳ್ಳಬೇಕು. ಅದೇ ನೀರಿನಲ್ಲಿ ಹುಲ್ಲು ಬೆಳೆದು, ಅದೇ ಹುಲ್ಲು ಮೇಯಿಸಿದ ಹಸುವಿನ ಹಾಲು ಮತ್ತೆ ಪೇಟೆಗೇ ಹೋಗುತ್ತದೆ. ನಗರದವರಿಗೆ ಇದು ಗೊತ್ತಿದ್ದರೆ ನಮಗಿಂತ ಮೊದಲು ಅವರೇ ಗಲಾಟೆ ಮಾಡುತ್ತಿದ್ದರೇನೋ.

ಈಗ ಅದೇ ಬೈರಮಂಗಲದ ಸುತ್ತ ಹೊಸ ಟೌನ್‌ಷಿಪ್ ಕಟ್ಟುವ ಯೋಜನೆ ಬಂದಿದೆ. 2006ರ ಆಸುಪಾಸಿನಲ್ಲಿ ಕೇಳಿಬಂದ ಯೋಜನೆ 2025ರಲ್ಲಿ ಮತ್ತೆ ಎದ್ದಿತು. ಏಳು ಸಾವಿರಕ್ಕೂ ಹೆಚ್ಚು ಎಕರೆಯ ಮಾತು. ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಬೇಡ ಅಂತ ಧರಣಿ ಕೂತರು. ಒಳ್ಳೆ ಬೆಲೆ ಬಂದರೆ ಕೊಡೋಣ ಅನ್ನುವವರೂ ಅದೇ ಊರುಗಳಲ್ಲಿ ಇದ್ದಾರೆ. ಯೋಜನೆ ಬೇಕೋ ಬೇಡವೋ ಅನ್ನುವುದನ್ನು ನಾವು ಇಲ್ಲಿ ತೀರ್ಮಾನಿಸುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಇಷ್ಟು ದೊಡ್ಡ ವಿಷಯವನ್ನು ಊರು ಕೂತು ಮಾತಾಡಬೇಕಾದರೆ ಊರು ಎಲ್ಲಿದೆ? ಅರ್ಧ ಊರು ರೈಲಿನಲ್ಲಿದೆ.

ಜಮೀನು ಇರುವವನು ಜಮೀನಿನ ಬಗ್ಗೆ ಮಾತಾಡಲು ಒಂದು ದಿನ ಬಿಡುವು ಮಾಡಿಕೊಂಡಾನು. ಜಮೀನು ಇಲ್ಲದವರು? ಕಾಲೊನಿಯ ಮನೆಯವರು? ಬೇರೆಯವರ ಹೊಲದಲ್ಲಿ ಹುಲ್ಲು ಕೊಯ್ದು ಹಸು ಸಾಕುವವರು? ಹೊಲ ಹೋದರೆ ಅವರ ಹಸುವೂ ಹೋಗುತ್ತದೆ, ಪರಿಹಾರದ ಪಟ್ಟಿಯಲ್ಲಿ ಹೆಸರೂ ಇರುವುದಿಲ್ಲ. ಅವರಲ್ಲೇ ಹೆಚ್ಚಿನವರು ಬೆಳಗಿನ ರೈಲು ಹತ್ತುವವರು.

ಹನ್ನೊಂದು ಗಂಟೆಯ ಗ್ರಾಮಸಭೆ

ಸ್ಟೇಷನ್‌ನಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಒಂದು ತೋಪು ಸಿಗುತ್ತದೆ. ಅಲ್ಲಿಂದ ಊರಿನ ಮೊದಲ ಮನೆಯವರೆಗೆ ಬೀದಿ ದೀಪ ಇಲ್ಲ. ಕಂಬಗಳಿವೆ, ಬಲ್ಬು ಇಲ್ಲ. ಹಗಲು ಆ ದಾರಿಯಲ್ಲಿ ಹೋಗುವವರಿಗೆ ಇದು ಗೊತ್ತೇ ಆಗುವುದಿಲ್ಲ. ರಾತ್ರಿ ಎಂಟರ ಮೇಲೆ ಐದಾರು ಹೆಂಗಸರು ಒಬ್ಬರಿಗೊಬ್ಬರು ಕಾದು, ಮೊಬೈಲ್ ಟಾರ್ಚ್ ಹಾಕಿಕೊಂಡು ಗುಂಪಾಗಿ ಬರುತ್ತಾರೆ. ಒಬ್ಬರ ಗಾರ್ಮೆಂಟ್ಸ್‌ನಲ್ಲಿ ಓಟಿ ಇದ್ದರೆ ಮಿಕ್ಕವರು ಸ್ಟೇಷನ್ ಬೆಂಚಿನ ಮೇಲೆ ಮುಂದಿನ ರೈಲಿಗೆ ಕಾಯುತ್ತಾರೆ. ಮಳೆಗಾಲದಲ್ಲಿ ಹಾವಿನ ಭಯ, ಮಿಕ್ಕ ದಿನ ಕುಡಿದು ಕೂತವರ ಭಯ.

ಕಳೆದ ಸಲ ನಮ್ಮೂರಲ್ಲಿ ಗ್ರಾಮಸಭೆ ಇತ್ತು. ವಾರದ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ. ನಮ್ಮಲ್ಲಿ ಒಬ್ಬರು ಹೋಗಿ ಕೂತಿದ್ದರು. ಶಾಮಿಯಾನ ಹಾಕಿದ್ದರು, ಪಿಡಿಒ ಬಂದಿದ್ದರು, ನೋಡಲ್ ಅಧಿಕಾರಿ ಬಂದಿದ್ದರು. ಕೃಷಿ ಇಲಾಖೆಯವರು, ಆರೋಗ್ಯ ಇಲಾಖೆಯವರು ತಮ್ಮ ಯೋಜನೆ ಹೇಳಿದರು. ಮನೆ ಪಟ್ಟಿ ಬಗ್ಗೆ ಸ್ವಲ್ಪ ಜೋರು ಮಾತಾಯಿತು. ದೇವಸ್ಥಾನದ ಕಾಂಪೌಂಡು, ಚರಂಡಿ, ಹೊಲಕ್ಕೆ ಹೋಗುವ ದಾರಿ, ಲೇಔಟಿನ ನೀರಿನ ಸಂಪರ್ಕ ಎಲ್ಲ ಬಂತು. ಒಂದೂವರೆಗೆ ಊಟ. ಎಲ್ಲ ಕ್ರಮವಾಗಿಯೇ ನಡೆಯಿತು. ಯಾರೂ ಮೋಸ ಮಾಡಲಿಲ್ಲ.

ರಾತ್ರಿ ಚಿಕ್ಕಮ್ಮ ಬಂದವರೇ ಕೇಳಿದರು: "ದೀಪದ್ ಇಚಾರ ಯಾರಾರ ಎತ್ತಿದ್ರೇನಪ್ಪ?"

ಯಾರೂ ಎತ್ತಿರಲಿಲ್ಲ. ಯಾಕೆ ಎತ್ತುತ್ತಾರೆ? ಕತ್ತಲೆಯಲ್ಲಿ ಆ ದಾರಿ ನಡೆಯುವವರು ಒಬ್ಬರೂ ಆ ಶಾಮಿಯಾನದ ಕೆಳಗೆ ಇರಲಿಲ್ಲ. ಸಭೆಗೆ ಹೋಗಿದ್ದ ನಮ್ಮವರಿಗೂ ಅದು ನೆನಪಾಗಲಿಲ್ಲ. ನಾಚಿಕೆಯಾಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

"ನೀವೇ ಒಂದಿನ ರಜ ಹಾಕ್ಬೌದಿತ್ತಲ್ಲ ಚಿಕ್ಕಮ್ಮ" ಅಂದೆವು. ಅವರು ಲೆಕ್ಕ ಹೇಳಿದರು. ಒಂದು ದಿನ ತಪ್ಪಿಸಿದರೆ ಆ ದಿನದ ಸಂಬಳ ಹೋಗುತ್ತದೆ, ತಿಂಗಳ ಕೊನೆಗೆ ಬರುವ ಹಾಜರಾತಿ ಬೋನಸ್ಸೂ ಹೋಗುತ್ತದೆ. ಸೂಪರ್‌ವೈಸರ್ ಕೈಲಿ ಮಾತು ಬೇರೆ. "ಒಂದ್ ಬಲ್ಬ್‌ಗೆ ಅಷ್ಟ್ ದುಡ್ ಕೊಡಕಾಯ್ತದಾ?"

ಮಾತು ಬಲ್ಬಿನದೊಂದೇ ಅಲ್ಲ. ಅಂಗನವಾಡಿ ತೆಗೆಯುವುದು ಒಂಬತ್ತೂವರೆ ಹೊತ್ತಿಗೆ, ಮುಚ್ಚುವುದು ಸಂಜೆ ನಾಲ್ಕಕ್ಕೆ. ತಾಯಿ ಊರು ಬಿಡುವುದು ಆರೂವರೆಗೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ ಸರ್ಕಾರ 2023ರಲ್ಲಿ ನಾಲ್ಕು ಸಾವಿರ ಪಂಚಾಯಿತಿಗಳಲ್ಲಿ ಕೂಸಿನ ಮನೆ ಘೋಷಿಸಿತು. ಒಳ್ಳೆಯ ಯೋಜನೆ. ಆದರೆ ನಮ್ಮಂಥ ಊರಲ್ಲಿ ಕೂಸು ಬಿಟ್ಟು ಹೋಗುವ ತಾಯಿ ಕೆರೆ ಹೂಳು ಎತ್ತಲು ಹೋಗುತ್ತಿಲ್ಲ, ರೈಲು ಹತ್ತುತ್ತಿದ್ದಾಳೆ. ಅವಳಿಗೆ ಬೇಕಾದ ಕೂಸಿನ ಮನೆಯ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯಬೇಕು. ಈ ಮಾತನ್ನು ಯಾರು ಹೇಳಬೇಕು? ಅವಳೇ. ಎಲ್ಲಿ? ಗ್ರಾಮಸಭೆಯಲ್ಲಿ. ಯಾವಾಗ? ಅವಳು ರೈಲಿನಲ್ಲಿ ಇರುವಾಗ!

ಕಾನೂನು ಏನು ಹೇಳುತ್ತದೆ

73ನೇ ತಿದ್ದುಪಡಿ ಬಂದು, 1993ರಲ್ಲಿ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಗಿ ಮೂವತ್ತು ವರ್ಷ ದಾಟಿತು. ಅದರ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಗ್ರಾಮಸಭೆ ಅಂದರೆ ಪಂಚಾಯಿತಿ ಮೆಂಬರುಗಳ ಸಭೆ ಅಲ್ಲ, ನಮ್ಮ ಸಭೆ. ಒಂದು ಸಭೆಗೂ ಇನ್ನೊಂದಕ್ಕೂ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಅದಕ್ಕೆ ಮುಂಚೆ ವಾರ್ಡ್ ಸಭೆ ನಡೆಯಬೇಕು. ಮನೆ, ಶೌಚಾಲಯ, ಇತರ ಸವಲತ್ತಿನ ಫಲಾನುಭವಿಗಳ ಆಯ್ಕೆ, ಊರಿಗೆ ಮೊದಲು ಯಾವ ಕೆಲಸ ಬೇಕು ಅನ್ನುವುದು ಎಲ್ಲ ಇಲ್ಲಿಂದಲೇ ಶುರುವಾಗಬೇಕು.

ಸಭೆಯನ್ನು ಕೆಲಸದ ದಿನ ಹನ್ನೊಂದು ಗಂಟೆಗೇ ಕರೆಯಬೇಕು ಅನ್ನುವುದು ರೂಢಿ. ಈ ರೂಢಿ ಮಾಡಿದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಆಗ ಜನ ಹೊಲದಲ್ಲಿ ಇದ್ದರು. ತಮಟೆ ಹೊಡೆದರೆ ನೇಗಿಲು ಬಿಟ್ಟು ಬಂದು ಕೂರುತ್ತಿದ್ದರು. ಈಗ ಕಸದ ಗಾಡಿಯ ಮೈಕಿನಲ್ಲಿ ಕೂಗಿದರೂ ಕೇಳಿಸಿಕೊಳ್ಳಬೇಕಾದವರು ನಾಯಂಡಹಳ್ಳಿ ದಾಟಿರುತ್ತಾರೆ.

ಇದಕ್ಕೆ ಬರುವ ಉತ್ತರಗಳು

ನಾವು ಈ ಮಾತನ್ನು ಒಂದಿಬ್ಬರು ಮೆಂಬರುಗಳ ಹತ್ತಿರ, ಅಧಿಕಾರಿಗಳ ಹತ್ತಿರ ಆಡಿದ್ದೇವೆ. ಅವರು ಹೇಳುವುದರಲ್ಲೂ ನ್ಯಾಯ ಇದೆ.

ಒಂದು: ಭಾನುವಾರ ನೌಕರರಿಗೆ ರಜೆ. ಪಿಡಿಒಗೂ ಮನೆ ಇದೆ, ಮಕ್ಕಳಿದ್ದಾರೆ. ನಿಜ. ಆದರೆ ನಾವು ಕೇಳುತ್ತಿರುವುದು ವರ್ಷಕ್ಕೆ ಎರಡು ಭಾನುವಾರ. ಬೇಕಾದರೆ ಸೋಮವಾರ ಅವರಿಗೆ ರಜೆ ಕೊಡಲಿ. ಚುನಾವಣೆಗೆ, ಗಣತಿಗೆ, ಪಲ್ಸ್ ಪೋಲಿಯೋಗೆ ಭಾನುವಾರ ಕೆಲಸ ಮಾಡಿಸುವುದಿಲ್ಲವೇ?

ಎರಡು: ಭಾನುವಾರ ಕರೆದರೂ ಜನ ಬರುವುದಿಲ್ಲ. ಇರುವುದು ಒಂದು ರಜೆ. ಬಟ್ಟೆ ಒಗೆಯಬೇಕು, ಮದುವೆಗೆ ಹೋಗಬೇಕು, ಮಲಗಬೇಕು. ಇದೂ ನಿಜವೇ. ಹೋಗಿ ಬರುವವರಲ್ಲೂ ತಪ್ಪಿದೆ. ಊರನ್ನು ಮಲಗುವ ಜಾಗ ಅಂತ ಮಾತ್ರ ನೋಡುವ ಅಭ್ಯಾಸ ನಮಗೇ ಬಂದುಬಿಟ್ಟಿದೆ. ಪಂಚಾಯಿತಿ ಸರಿಯಿಲ್ಲ ಅಂತ ರೈಲಿನಲ್ಲಿ ದಿನಾ ಬೈಯುತ್ತೇವೆ, ಒಂದು ಅರ್ಜಿ ಬರೆಯುವುದಿಲ್ಲ. ಆದರೆ ಬರುತ್ತಾರೋ ಇಲ್ಲವೋ ನೋಡಬೇಕಾದರೆ ಒಮ್ಮೆಯಾದರೂ ಕರೆದು ನೋಡಬೇಕಲ್ಲ.

ಮೂರು: ಊರಲ್ಲಿ ಇರುವ ಹಿರಿಯರು ಇಲ್ಲವೇ, ಅವರೇ ಎಲ್ಲರ ಪರವಾಗಿ ಮಾತಾಡುತ್ತಾರೆ. ಹಿರಿಯರ ಮೇಲೆ ನಮಗೆ ಗೌರವ ಇದೆ. ಆದರೆ ರಾತ್ರಿ ಎಂಟಕ್ಕೆ ಮಲಗುವವರಿಗೆ ತೋಪಿನ ಕತ್ತಲೆ ಹೇಗೆ ಗೊತ್ತಾಗಬೇಕು? ಕಂಡವರೇ ಹೇಳಬೇಕು.

ನಾಲ್ಕನೆಯ ಉತ್ತರ ಒಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಡಿಮೆ ಜನ ಬಂದರೆ ಸಭೆ ಬೇಗ ಮುಗಿಯುತ್ತದೆ, ಗಲಾಟೆ ಇರುವುದಿಲ್ಲ. ಇದು ಎಲ್ಲ ಕಡೆಯೂ ಹೀಗೆ ಅಂತ ನಾವು ಹೇಳುವುದಿಲ್ಲ. ಆದರೆ ನಿಮ್ಮೂರಲ್ಲಿ ಹೀಗಿದೆಯಾ ಅಂತ ನೀವೇ ಕೇಳಿಕೊಳ್ಳಿ.

ನಾವು ಕೇಳುವುದು ಇಷ್ಟೇ

ಪೇಟೆಗೆ ಹೋಗಿ ಬರುವ ಜನ ಹೆಚ್ಚಿರುವ ಊರುಗಳಲ್ಲಿ ಗ್ರಾಮಸಭೆ, ವಾರ್ಡ್ ಸಭೆ ಭಾನುವಾರ ನಡೆಯಲಿ. ಭಾನುವಾರ ಆಗದಿದ್ದರೆ ವಾರ್ಡ್ ಸಭೆಯನ್ನಾದರೂ ರಾತ್ರಿ ಎಂಟೂವರೆಗೆ ಅರಳಿಕಟ್ಟೆಯಲ್ಲಿ ಕರೆಯಲಿ. ಒಂದು ಗಂಟೆ ಸಾಕು. ಶಾಮಿಯಾನ ಬೇಡ, ಊಟ ಬೇಡ.

ಸಭೆಯ ದಿನಾಂಕವನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿದರೆ ಸಾಲದು. ಪಂಚಾಯಿತಿ ಬಾಗಿಲು ತೆರೆಯುವ ಮುಂಚೆ ಊರು ಬಿಡುವವರು ಆ ಬೋರ್ಡು ಯಾವಾಗ ನೋಡಬೇಕು? ರೈಲ್ವೆ ಸ್ಟೇಷನ್ ದಾರಿಯಲ್ಲಿ, ಬಸ್ ಸ್ಟಾಪಿನಲ್ಲಿ, ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರ ಮುಂಚೆ ಹಾಕಲಿ.

ಸಭೆಗೆ ಬರಲಾಗದವರ ಅರ್ಜಿಯನ್ನು ಮುಂಚಿತವಾಗಿ ತೆಗೆದುಕೊಂಡು ಸಭೆಯಲ್ಲಿ ಓದಲಿ, ನಡಾವಳಿಯಲ್ಲಿ ಬರೆಯಲಿ. ಡೇರಿಯ ಹತ್ತಿರ ಒಂದು ಪೆಟ್ಟಿಗೆ ಇಟ್ಟರೆ ಆಯಿತು. ಬೆಳಿಗ್ಗೆ ಹಾಲು ಹಾಕಲು ಎಲ್ಲರೂ ಬರುತ್ತಾರೆ.

ಬಾಡಿಗೆಯವರಿಗೆ ಓಟಿಲ್ಲದಿದ್ದರೂ ಅದೇ ನೀರು ಕುಡಿಯುತ್ತಾರೆ, ಅದೇ ಚರಂಡಿ ಪಕ್ಕ ಮಲಗುತ್ತಾರೆ. ಅವರ ವಠಾರದ ಮಾತನ್ನೂ ಅರ್ಧ ಗಂಟೆ ಕೇಳಲಿ. ಕೇಳಿದರೆ ಪಂಚಾಯಿತಿಗೆ ನಷ್ಟವೇನೂ ಇಲ್ಲ.

ಇದನ್ನೆಲ್ಲ ಮೇಲಿನಿಂದ ಆದೇಶ ಬಂದು ಮಾಡಬೇಕಾಗಿಲ್ಲ. ಅಧ್ಯಕ್ಷರು, ಮೆಂಬರುಗಳು, ಪಿಡಿಒ ಮನಸ್ಸು ಮಾಡಿ ಮುಂದಿನ ಸಭೆಗೆ ದಿನ ಗೊತ್ತು ಮಾಡುವಾಗ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದ ದಿನ ನೋಡಿದರೆ ಸಾಕು.

ನಿಮ್ಮ ಕೈಲಿ ಆಗುವುದು

ಇದನ್ನು ನೀವು ರೈಲಿನಲ್ಲಿ ಕೂತು ಓದುತ್ತಿದ್ದರೆ ಪಕ್ಕದವರಿಗೂ ತೋರಿಸಿ. ಒಂದು ಬೋಗಿಯಲ್ಲಿ ನಿಮ್ಮ ಪಂಚಾಯಿತಿಯ ಇಪ್ಪತ್ತು ಜನ ಸಿಗುತ್ತಾರೆ. ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: "ನಾವು ಈ ಪಂಚಾಯಿತಿಯ ಮತದಾರರು. ಕೆಲಸಕ್ಕೆ ಹೊರಗೆ ಹೋಗಿ ಬರುವವರು. ಮುಂದಿನ ಗ್ರಾಮಸಭೆಯನ್ನು ಭಾನುವಾರ ಕರೆಯಬೇಕಾಗಿ ವಿನಂತಿ." ಕೆಂಗೇರಿ ಬರುವಷ್ಟರಲ್ಲಿ ಸಹಿ ಮುಗಿಯುತ್ತದೆ. ನಿಮ್ಮ ಮೆಂಬರ್ ಕೈಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಸ್ವೀಕೃತಿ ಮರೆಯಬೇಡಿ.

ನಮ್ಮೂರಿನವರು ಅದನ್ನು ಬರೆದಾಗಿದೆ. ಚಿಕ್ಕಮ್ಮನ ಸಹಿ ಮೊದಲನೆಯದು. ಅದರ ಕೆಳಗೆ ಇಪ್ಪತ್ತಮೂರು ಸಹಿ, ಎರಡು ಹೆಬ್ಬೆಟ್ಟು. ಪಂಚಾಯಿತಿಯವರು ತೆಗೆದುಕೊಂಡಿದ್ದಾರೆ, ನೋಡೋಣ ಅಂದಿದ್ದಾರೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇವೆ.

ಸಹಿ ಹಾಕುವಾಗ ಚಿಕ್ಕಮ್ಮನನ್ನು ಕೇಳಿದೆವು: "ಭಾನುವಾರ ಕರುದ್ರೆ ನಿಜ್ವಾಗ್ಲೂ ಬತ್ತೀರಾ ಚಿಕ್ಕಮ್ಮ?"

"ಅದೊಂದಿನ ಬಟ್ಟೆ ನೆನೆಹಾಕಿ ಬತ್ತೀನಿ ಬುಡಪ್ಪ. ಸಭೆ ಮುಗುಸ್ಕೊಂಡ್ ಹೋಗಿ ಒಗೀತೀನಿ."